ಗೇಟಿನಲ್ಲಿ ಕೇಳಿದ ಪ್ರಶ್ನೆ

“ಬೇಗ ಬಾರೇ ಕುದುರೆ, ಇವತ್ತು ನಾನೇ ಮುಂದೆ,” ಎಂದು ಅಕ್ಕ ಉದ್ಯಾನದ ಗೇಟಿನ ಒಳಗಿನಿಂದ ಕರೆದಳು. ತಂಗಿ ಇನ್ನೂ ಟಿಕೆಟ್ ಕಿಟಕಿಯ ಪಕ್ಕದಲ್ಲೇ ನಿಂತು, ಆಗಲೇ ಓದಿ ಮುಗಿಸಿದ್ದ ಫಲಕವನ್ನು ಮತ್ತೊಮ್ಮೆ ಓದುತ್ತಿದ್ದಳು. ಬಿರುಗಾಳಿಗೆ ಸಿಕ್ಕ ಉದ್ಯಾನ ಮೂರು ತಿಂಗಳ ಮೇಲೆ ಅರ್ಧ ಮಾತ್ರ ತೆರೆದಿದೆ, ಹಗ್ಗ ಕಟ್ಟಿದ ಕಡೆ ಹೋಗಬಾರದು ಎಂದಷ್ಟೇ ಅದರಲ್ಲಿತ್ತು.

ಕುದುರೆ ಎನ್ನುವುದು ತಂಗಿಯ ಚಿಕ್ಕಂದಿನ ಅಡ್ಡಹೆಸರು. ಓಟದಲ್ಲಿ ಎತ್ತಿದ ಕೈ; ಈಗ ಶಾಲೆಯೊಂದರಲ್ಲಿ ಆಟದ ಟೀಚರು. ಅಕ್ಕ ದರ್ಜಿ. ಮನೆಯ ಮುಂದಿನ ಕೋಣೆಯಲ್ಲೇ ಅವಳ ಹೊಲಿಗೆ ಯಂತ್ರ. ಗಾಳಿಯ ದಿನ ಮುರಿದ ಬಲ ಮಣಿಕಟ್ಟು ಕೂಡಿಕೊಂಡಿದ್ದರೂ ಪೂರ್ತಿ ತಿರುಗುವುದಿಲ್ಲ. ದೊಡ್ಡ ಕತ್ತರಿ ಹಿಡಿಯಲಾಗದೆ ಬಟ್ಟೆಯ ಮೇಲೆ ಗೆರೆ ಎಳೆದುಕೊಟ್ಟು, ಕತ್ತರಿಸುವುದನ್ನು ತಂಗಿಗೆ ಬಿಡುತ್ತಾಳೆ. ತಂಗಿ ಕತ್ತರಿಸಿದ ತೋಳುಗಳಲ್ಲಿ ಒಂದು ಗಿಡ್ಡವಾಗದೆ ಇರುವುದಿಲ್ಲ. “ಇನ್ಮೇಲೆ ಒಂದು ಕೈ ಗಿಡ್ಡ ಇರೋ ಗಿರಾಕೀನೇ ಹುಡುಕ್ಬೇಕು,” ಎಂದು ಅಕ್ಕ ನಗುತ್ತಾಳೆ. ಆ ನಗುವೇ ತಂಗಿಗೆ ತಡೆಯಲಾಗದ್ದು.

ಬಿರುಗಾಳಿಯ ಆ ಸಂಜೆ ಇಬ್ಬರೂ ಕೊಳದ ಪಕ್ಕದ ಬೆಂಚಿನಲ್ಲಿ ಕುಳಿತಿದ್ದರು. ಮೊದಲು ಧೂಳು, ಆಮೇಲೆ ಎಲೆ, ಆಮೇಲೆ ಎಲ್ಲಿಯದೋ ತಗಡಿನ ಚೂರು ಹಾರಿ ಬಂತು. ತಲೆಯ ಮೇಲೆ ಏನೋ ಲಟಕ್ಕೆಂದಿತು. ತಂಗಿ ಕಾಲಿಗೆ ಬುದ್ಧಿ ಹೇಳಿದಳು. ಹಿಂದೆ ಕೊಂಬೆ ಬಿದ್ದ ಸದ್ದೂ ಕೇಳಿಸಿತು, ಅದರೊಳಗಿನಿಂದ ತನ್ನನ್ನು ಕರೆದ ದನಿಯೂ ಕೇಳಿಸಿತು. ಅವಳು ನಿಲ್ಲಲಿಲ್ಲ.

ಮುಕ್ಕಾಲು ಗಂಟೆಯ ಮೇಲೆ ಜನ ಅಕ್ಕನನ್ನು ಹೊತ್ತು ತಂದಾಗ, ಗೇಟಿನ ಹೊರಗೆ ಮಳೆಗೆ ನೆಂದು ತೊಪ್ಪೆಯಾಗಿ ನಿಂತ ತಂಗಿಯೇ ಅಕ್ಕನ ಕಣ್ಣಿಗೆ ಮೊದಲು ಬಿದ್ದಳು. ಇವಳೇ ಓಡಿ ಹೋಗಿ ಜನ ಕರೆತಂದಳೆಂದು ಅಕ್ಕ ತಿಳಿದಳು. ಆಸ್ಪತ್ರೆಯಲ್ಲಿ ನರ್ಸಿಗೆ ಹೇಳಿದಳು, ಅಮ್ಮನಿಗೆ ಹೇಳಿದಳು; ಅಮ್ಮ ಬೀದಿಗೆಲ್ಲ ಹೇಳಿದಳು. ಶಾಲೆಯಲ್ಲಿ ಹೆಡ್ಮಿಸ್ಸು ತಂಗಿಯನ್ನು ಮುಂದೆ ನಿಲ್ಲಿಸಿ ಮಕ್ಕಳಿಂದ ಚಪ್ಪಾಳೆ ಹೊಡೆಸಿದರು. ತಂಗಿ ಎಲ್ಲೂ ಹೌದು ಎನ್ನಲಿಲ್ಲ. ಅಲ್ಲ ಎಂದೂ ಅನ್ನಲಿಲ್ಲ.

ಇವತ್ತು ಒಳಗೆ ಹೋದರೆ ಉದ್ಯಾನ ಅಂಗೈಯಗಲ ಕಂಡಿತು. ನೆರಳಿದ್ದಾಗ ಕೊನೆಯೇ ಇಲ್ಲವೆನ್ನಿಸುತ್ತಿದ್ದ ಜಾಗದಲ್ಲಿ ಈಗ ಆಚೆಯ ರಸ್ತೆಯ ಬಸ್ಸುಗಳು ಕಾಣುತ್ತಿದ್ದವು. ಕೊರೆದ ದಿಮ್ಮಿಗಳಿಗೆ ಬಿಳಿ ಬಣ್ಣದಲ್ಲಿ ನಂಬರು ಹಾಕಿ ಸಾಲಾಗಿಟ್ಟಿದ್ದರು. ಮರದ ಪುಡಿಯ ವಾಸನೆ. ಮುರಿದ ಬೆಂಚುಗಳೆಲ್ಲ ಒಂದು ಮೂಲೆಯಲ್ಲಿ ಕಾಲು ಮೇಲೆ ಮಾಡಿ ಬಿದ್ದಿದ್ದವು. ಅಕ್ಕ ಎಲ್ಲವನ್ನೂ ನೆಂಟರ ಮನೆಗೆ ಬಂದವಳಂತೆ ವಿಚಾರಿಸಿಕೊಂಡು ನಡೆದಳು.

ಕೊಳದ ಹತ್ತಿರ ಗಾಳಿಗೆ ಉರುಳಿದ್ದ ಒಂದು ಮರವನ್ನು ಮತ್ತೆ ಎತ್ತಿ ನಿಲ್ಲಿಸಿದ್ದರು. ಮೂರು ಕಡೆ ಗಳುವಿನ ಆಸರೆ, ಕಾಂಡಕ್ಕೆ ಗೋಣಿತಟ್ಟಿನ ಸುತ್ತು. ಮಾಲಿಯೊಬ್ಬ ತೊಟ್ಟಿಯಿಂದ ಕ್ಯಾನುಗಳಲ್ಲಿ ನೀರು ತಂದು ಬುಡಕ್ಕೆ ಹಾಕುತ್ತಿದ್ದ. ತಂಗಿ ಅವನನ್ನು ದೂರದಿಂದಲೇ ಗುರುತಿಸಿದಳು.

“ಅಕ್ಕ, ಬಿಸಿಲು ಜಾಸ್ತಿ ಆಯ್ತು. ಹೋಗೋಣ.”

“ಇರೇ. ಅಣ್ಣಾ, ನನ್ನ ನೆನಪಿದ್ಯಾ? ಕೊಂಬೆ ಕೆಳಗೆ ಸಿಕ್ಕೊಂಡಿದ್ದೆ.”

ಮಾಲಿ ಕ್ಯಾನು ಕೆಳಗಿಟ್ಟು ಮುಖ ಅರಳಿಸಿದ. “ಅಯ್ಯೋ, ನೀವಾ ಅಮ್ಮ! ಕೈ ಹೇಗಿದೆ?”

“ಊಟಕ್ಕೆ ಬರುತ್ತೆ, ಕೆಲಸಕ್ಕೆ ಬರಲ್ಲ,” ಎಂದು ಅಕ್ಕ ನಕ್ಕಳು. “ಇವಳೇ ನನ್ನ ತಂಗಿ. ಅವತ್ತು ಇವಳು ಓಡಿ ಬಂದು ನಿಮಗೆ ಹೇಳಿದ್ದಕ್ಕೆ ನಾನು ಉಳಿದೆ.”

ಮಾಲಿ ತಂಗಿಯನ್ನು ನೋಡಿದ. ಅರಳಿದ ಮುಖ ನಿಧಾನವಾಗಿ ಮುಚ್ಚಿಕೊಂಡಿತು. ಮತ್ತೆ ಬಗ್ಗಿ ಕ್ಯಾನಿನ ಹಿಡಿ ಹಿಡಿದ. “ಅವತ್ತು ಗೇಟಲ್ಲಿ ತುಂಬ ಜನ ಇದ್ರು ಅಮ್ಮ. ಯಾರ ಮುಖಾನೂ ಸರಿಯಾಗಿ ನೆನಪಿಲ್ಲ.”

ಅಷ್ಟಕ್ಕೇ ಬಿಟ್ಟಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಗುರುತು ಪರಿಚಯವಿಲ್ಲದ ಈ ಮನುಷ್ಯನೂ ತನಗಾಗಿ ಒಂದು ಸುಳ್ಳು ಹೇಳಿದನಲ್ಲ ಎಂದು ತಂಗಿಗೆ ಕಿವಿಯವರೆಗೂ ಬಿಸಿಯೇರಿತು.

“ಅವರಿಗೆ ನೆನಪಿದೆ, ಅಕ್ಕ,” ಎಂದಳು. “ಗೇಟು ಹಾಕೋಕೆ ಮುಂಚೆ ಇವರು ನನ್ನ ಕೇಳಿದ್ರು, ಒಳಗೆ ಯಾರಾದ್ರೂ ಇದ್ದಾರಾ ಅಂತ. ನಾನು... ಯಾರೂ ಇಲ್ಲ ಅಂದೆ.”

ಅಕ್ಕನಿಗೆ ಅರ್ಥವಾಗಲಿಲ್ಲ. ಇಬ್ಬರ ಮುಖವನ್ನೂ ನೋಡಿದಳು.

“ಇಲ್ಲ ಅಂದ್ಯಾ? ಯಾಕೆ?”

“ಇದ್ದಾರೆ ಅಂದ್ರೆ, ಬಾ, ಎಲ್ಲಿ ತೋರಿಸು ಅಂತ ನನ್ನೂ ಒಳಗೆ ಕರ್ಕೊಂಡು ಹೋಗ್ತಾರೇನೋ ಅಂತ.”

“ಆಮೇಲೆ?”

“ಆಮೇಲೆ ಹೇಳೋಕೆ ಬಾಯೇ ಬರ್ಲಿಲ್ಲ. ಒಂದು ಸಲ ಇಲ್ಲ ಅಂದ್ಬಿಟ್ಟಿದ್ನಲ್ಲ.”

ಮಾಲಿ ನಡುವೆ ಬಾಯಿ ಹಾಕಿದ. “ಬಿಡಿ ಅಮ್ಮ. ಆ ಗಾಳೀಲಿ ಎಂಥೆಂಥಾ ಗಂಡಸರೇ ದಿಕ್ಕಾಪಾಲಾಗಿ ಓಡಿದ್ರು. ಸಸಿಗಳ ಮೇಲೆ ಹೊದಿಸಿದ್ದ ಶೀಟು ಹಾರಿತೇನೋ ಅಂತ ನೋಡೋಕೆ ಬಂದೆ, ನೀವು ಸಿಕ್ಕಿದ್ರಿ. ಉಳ್ಕೊಂಡ್ರಲ್ಲ, ಅಷ್ಟು ಸಾಕು.”

ಅಕ್ಕ ಪಕ್ಕದ ದಿಮ್ಮಿಯೊಂದರ ಮೇಲೆ ಕುಳಿತಳು. ಎಡಗೈಯಿಂದ ಬಲ ಮಣಿಕಟ್ಟನ್ನು ಹಿಡಿದುಕೊಂಡು ನೆಲ ನೋಡಿದಳು. ಬೈಯಲಿಲ್ಲ. ಬೈದಿದ್ದರೆ ತಂಗಿ ಅಲ್ಲೇ ಅತ್ತು ಹಗುರಾಗುತ್ತಿದ್ದಳೋ ಏನೋ.

“ನಾನು ಜಾಸ್ತಿ ಕೂಗ್ಲೇ ಇಲ್ಲ ಕಣೇ,” ಎಂದಳು. ದನಿಯಲ್ಲಿ ಕೋಪವಿರಲಿಲ್ಲ, ಲೆಕ್ಕ ತಪ್ಪಿದ್ದು ಎಲ್ಲೆಂದು ಹುಡುಕುವವಳ ಹಾಗೆ ಹೇಳಿದಳು. “ಗಂಟಲು ಚೆನ್ನಾಗೇ ಇತ್ತು. ಎರಡು ಸಲ ಕೂಗಿ ಸುಮ್ಮನಾದೆ. ನೀನು ಜನ ಕರೆಯೋಕೆ ಹೋಗಿದೀಯಲ್ಲ, ಬರ್ತೀಯ ಅಂತ.”

ಮಾಲಿ ಗೋಣಿತಟ್ಟನ್ನು ಸರಿಮಾಡುವ ನೆವದಲ್ಲಿ ಮರದ ಆಚೆ ಬದಿಗೆ ಹೋದ. ತಂಗಿಗೆ ನಿಲ್ಲಲೂ ಆಗಲಿಲ್ಲ, ಅಕ್ಕನ ಪಕ್ಕ ಕೂರುವ ಮುಖವೂ ಇರಲಿಲ್ಲ. ಕೆಳಗಿದ್ದ ಎರಡು ಕ್ಯಾನುಗಳನ್ನು ಎತ್ತಿಕೊಂಡು ತೊಟ್ಟಿಯ ಕಡೆ ನಡೆದಳು. ತುಂಬಿಸಿ ತಂದು ಬುಡಕ್ಕೆ ಸುರಿದಳು. ಮತ್ತೆ ಹೋದಳು. ಮಾಲಿ ಬೇಡವೆನ್ನಲು ಬಾಯಿ ತೆರೆದವನು, ಅಕ್ಕನ ಕಡೆ ನೋಡಿ ಮತ್ತೆ ಗೋಣಿತಟ್ಟಿಗೆ ಕೈ ಹಾಕಿದ. ಐದು ಸಲವೋ ಆರು ಸಲವೋ ಆಯಿತು. ಚಪ್ಪಲಿ ಕೆಸರಾಯಿತು, ಅಂಗೈಯಲ್ಲಿ ಹಿಡಿಯ ಗೆರೆ ಕೆಂಪಗೆ ಮೂಡಿತು.

“ಸಾಕಾ, ಅಕ್ಕ?” ಎಂದು ಕೇಳಿದಳು.

ಅಕ್ಕ ತಲೆಯೆತ್ತಲಿಲ್ಲ.

“ಆ ಕಡೆ ಬೇರಿಗೂ ಹಾಕು,” ಎಂದಳು. “ಒಣಗಿದೆ.”

ತಂಗಿ ಸುತ್ತು ಹಾಕಿ ಹೋಗಿ ಆ ಕಡೆಗೂ ಬಗ್ಗಿಸಿದಳು. ನೀರು ಒಂದು ಕ್ಷಣ ಕೆಂಪಗೆ ನಿಂತು, ಸಣ್ಣ ಗುಳ್ಳೆಗಳನ್ನು ಬಿಡುತ್ತ ಇಂಗಿತು. ಕೆಳಗೆ ಮಣ್ಣು ಇನ್ನೂ ಬಿರುಕು ಬಿಟ್ಟೇ ಇತ್ತು.