ಎಲ್ಲರ ಕೆಲಸಕ್ಕೂ ಅವಳದೇ ಹೆಸರು

ಕಚೇರಿಯ ಮೂಲೆಯಲ್ಲಿ ದೂಳು ತಿನ್ನುತ್ತಿದ್ದ ಹಳೇ ಕಂಪ್ಯೂಟರನ್ನು ಸರ್ವರ್ ಮಾಡಿ ಕೂರಿಸಿದವಳು ಅವಳೇ. ಆಸ್ಪತ್ರೆಯೊಂದರ ಟೋಕನ್, ಬಿಲ್ಲುಗಳಿಗಾಗಿ ತಂಡದ ಮೂವರೂ ಬರೆದ ಕೋಡ್ ಅಲ್ಲೇ ಸೇರಬೇಕು, ಯಾವ ಸಾಲನ್ನು ಯಾರು ತಿದ್ದಿದರು ಎಂಬುದು ಅವರವರ ಹೆಸರಿನಲ್ಲೇ ಉಳಿಯಬೇಕು. ಮಾಡಿದ್ದುಣ್ಣೋ ಮಹಾರಾಯ ಎನ್ನುವ ಏರ್ಪಾಡು. ಆದರೆ ಮೊದಲ ದಿನ ತೋರಿಸಿಕೊಡಲೆಂದು ತೆರೆದಿಟ್ಟ ಅವಳ ಸೆಟ್ಟಿಂಗನ್ನೇ ಉಳಿದಿಬ್ಬರು ಹೆಸರು, ಪಾಸ್‌ವರ್ಡ್ ಸಮೇತ ನಕಲು ಮಾಡಿಕೊಂಡಿದ್ದರು. ಎಲ್ಲರ ಕೆಲಸವೂ ಅವಳ ಹೆಸರಿನಲ್ಲೇ ದಾಖಲಾಗುತ್ತಿದೆ ಎಂದು ಗೊತ್ತಾದದ್ದು ಇವತ್ತು, ಸಾಹೇಬರು ತಮ್ಮ ಕೋಣೆಗೆ ಕರೆದಾಗ.

"ಒಂದೇ ಟೋಕನ್ ಇಬ್ಬಿಬ್ಬರು ರೋಗಿಗಳಿಗೆ ಹೋಗ್ತಿದೆಯಂತೆ. ಆಸ್ಪತ್ರೆಯವರು ಬೆಳಗಿಂದ ಬೈತಿದಾರೆ," ಎಂದರು ಸಾಹೇಬರು. "ಈ ತಿಂಗಳ ಬದಲಾವಣೆ ಎಲ್ಲಾ ನಿಮ್ಮ ಹೆಸರಲ್ಲೇ ಇದೆಯಲ್ಲಮ್ಮ. ಸರಿ ಮಾಡಿಟ್ಟು ರಜೆ ತಗೊಳ್ಳಿ."

ನಾಳೆ ಬೆಳಿಗ್ಗೆ ಅಮ್ಮನ ಕಣ್ಣಿನ ಆಪರೇಷನ್. ಇವಳಿಗೆ ರಜೆ ಸಿಗದೆ ಆಗಲೇ ಎರಡು ಸಲ ಮುಂದಕ್ಕೆ ಹೋಗಿದೆ. ಸಂಜೆಯ ಬಸ್ಸು ತಪ್ಪಿದರೆ ಮೂರನೇ ಸಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದು ಗೊಣಗುತ್ತಾ, ಮೈಯೆಲ್ಲ ಉರಿದುಕೊಂಡು ಹೊರಗೆ ಬಂದಳು.

"ಟೋಕನ್ ಭಾಗ ಮುಟ್ಟಿದ್ದು ಯಾರು?"

ಉಳಿದಿಬ್ಬರಲ್ಲಿ ಹಿರಿಯರಾದ, ಮಾತೆತ್ತಿದರೆ ಪಾಠ ಮಾಡುವ 'ಮೇಷ್ಟ್ರು' ಕನ್ನಡಕ ಒರೆಸಿಕೊಂಡರು. "ನೋಡಮ್ಮ, ತಪ್ಪು ಅನ್ನೋದು ಒಬ್ಬರದ್ದು ಅಂತ ಇರಲ್ಲ."

"ನಿಮ್ಮ ಹೆಸರಲ್ಲಿ ಹಾಕಿದ್ರೆ ಯಾರೂ ಕೊಕ್ಕೆ ತೆಗೆಯಲ್ಲ ಅಕ್ಕ, ಅದಕ್ಕೇ..." ಎಂದ, ಯಾವುದಕ್ಕೂ ತಾಳ್ಮೆಯಿಲ್ಲದೆ 'ಅವಸರ' ಎಂದೇ ಅಡ್ಡಹೆಸರು ಪಡೆದ ಹುಡುಗ.

ಇವರ ಜೊತೆ ಏಗಿ ಏಗಿ ಅವಳಿಗೆ ಸಾಕಾಗಿಹೋಗಿತ್ತು. "ಸರಿ. ಈ ತಿಂಗಳು ನನ್ನ ಹೆಸರಲ್ಲಿ ಸೇರಿದ್ದನ್ನೆಲ್ಲ ಕಿತ್ತು ಹಾಕ್ತೀನಿ. ನಿಮ್ಮದೇನಾದ್ರೂ ಇದ್ರೆ ಈಗಲೇ ಹೇಳಿ."

ಇಬ್ಬರೂ ಎದ್ದು ಓಡಿಬಂದರು. ಬಿಲ್ಲಿನ ಪುಟ ತಮ್ಮದು ಎಂದರು ಮೇಷ್ಟ್ರು. ಹುಡುಕುವ ಪುಟ, ಬಣ್ಣ, ಪ್ರಿಂಟು ಎಲ್ಲಾ ನಂದೇ ಅಕ್ಕ ಎಂದ ಅವಸರ. ಪರದೆಯ ಮೇಲಿನ ಒಂದು ಬಟನ್ನಿನ ಅಂಚು ಯಾರದೆಂದು ಇಬ್ಬರೂ ಕಿತ್ತಾಡಿದರು. ಮೂವರ ಪಾಲನ್ನೂ ಹಂಚಿ ಮುಗಿದ ಮೇಲೆ ವಾರಸುದಾರರಿಲ್ಲದೆ ಉಳಿದದ್ದು ಟೋಕನ್ನಿನ ಆರು ಸಾಲು.

"ಇದು ಯಾರಪ್ಪನ ಆಸ್ತಿ ಹಾಗಾದ್ರೆ?" ಎಂದು ಅದನ್ನು ತೆರೆದಳು. ಓದುತ್ತಾ ಓದುತ್ತಾ ಅವಳ ದನಿ ಇಳಿಯಿತು. ಅಮ್ಮ ಫೋನಿನಲ್ಲಿ, "ಈ ಸಲನಾದ್ರೂ ಬರ್ತೀಯಾ?" ಎಂದು ಕೇಳುತ್ತಿದ್ದಾಗ, ಫೋನನ್ನು ಭುಜಕ್ಕೆ ಒತ್ತಿ ಹಿಡಿದುಕೊಂಡು, ಹೂಂ ಹೂಂ ಎನ್ನುತ್ತಾ ಬರೆದ ಸಾಲುಗಳು ಅವು. ಆಸ್ಪತ್ರೆಯ ಎರಡು ಕೌಂಟರಿನಲ್ಲಿ ಒಟ್ಟಿಗೆ ಬಟನ್ ಒತ್ತಿದರೆ ಇಬ್ಬರಿಗೂ ಒಂದೇ ಟೋಕನ್ ಹೋಗುತ್ತದೆಂದು ಅವಳು ಯೋಚಿಸಿರಲೇ ಇಲ್ಲ.

ತನ್ನದೇ ತಪ್ಪಾದ್ದರಿಂದ ಎಲ್ಲಿ ಹಿಡಿದು ಎಳೆಯಬೇಕೆಂದು ಗೊತ್ತಿತ್ತು, ಸ್ವಲ್ಪ ಹೊತ್ತಿನಲ್ಲೇ ಸರಿಮಾಡಿ ಕಳಿಸಿದಳು. ಮೇಷ್ಟ್ರು ಮತ್ತು ಅವಸರ ತಮ್ಮ ತಮ್ಮ ಪರದೆಯನ್ನು ಎಂದೂ ಇಲ್ಲದ ಶ್ರದ್ಧೆಯಿಂದ ನೋಡುತ್ತಿದ್ದರು.

ಸಾಹೇಬರು ಬಾಗಿಲಿಗೆ ಬಂದು ಕೇಳಿದರು. "ಸರಿಹೋಯ್ತಂತೆ. ಯಾರದ್ದು ಅಂತ ಗೊತ್ತಾಯ್ತಾ?"

ಬಸ್ಸಿಗೆ ಇನ್ನೂ ಹೊತ್ತಿತ್ತು. ಅವಳು ಚೀಲ ಹೆಗಲಿಗೆ ಹಾಕಿಕೊಂಡಳು.

"ಅದರ ಮೇಲಿದ್ದ ಹೆಸರು ಸರಿಯಾಗೇ ಇತ್ತು ಸಾರ್," ಎಂದಳು.