ಸಿಹಿ ಹೊಗೆ

ಬೆಸುಗೆಯ ರಾಳ ಸುಡುವ ವಾಸನೆ ಅಂದರೆ ಅವಳಿಗೆ ಅಪ್ಪನ ಅಂಗಿ. ಮೆಟ್ಟಿಲ ಕೆಳಗಿನ ಗೂಡಿನಲ್ಲಿ ರೇಡಿಯೋ ರಿಪೇರಿ ಮಾಡುತ್ತಿದ್ದ ಅಪ್ಪ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಹೇಳುತ್ತಿದ್ದ: "ಹೊಗೆ ಸಿಹಿಯಾಗಿರೋವಾಗ್ಲೇ ಕಾದ ಕಡ್ಡಿ ಎತ್ತಿಬಿಡು ಮಗಳೇ. ಘಾಟು ಬಂತೋ, ಬೆಸುಗೆ ಕೆಟ್ಟಂಗೆ."

ಇಪ್ಪತ್ತೆರಡು ವರ್ಷದಿಂದ ಕಂಪನಿಯ ಈ ಶೆಡ್ಡಿನಲ್ಲಿ ಇಯರ್‌ಫೋನಿನ ಕೂದಲೆಳೆಯಂಥ ತಂತಿಗಳನ್ನು ಅವಳು ಮೂಗು ನಂಬಿಯೇ ಬೆಸೆದಿದ್ದಳು. ಯಾರೂ ಕೇಳಿರಲಿಲ್ಲ, ಅವಳೂ ಹೇಳಿರಲಿಲ್ಲ.

"ಕೈ ಮರೆ ಮಾಡ್ಬೇಡ ಕಣೇ ಮುಂಡೇದೇ, ಕ್ಯಾಮರಾಕ್ಕೆ ಕಾಣ್ಲಿ," ಎಂದ ಸೂಪರ್‌ವೈಸರ್, ಅವಳ ಕೆಲಸ ಚಿತ್ರೀಕರಿಸಲು ಬೆಂಚಿನ ಮೇಲೆ ತೂಗುಹಾಕಿದ್ದನ್ನು ತೋರಿಸಿ.

ಕಂಪನಿ ಸರಕಿನ ದಾರಿ ಬದಲಿಸುತ್ತಿತ್ತು. ಗೋಡೆಯ ಹೊಸ ನಕ್ಷೆಯಲ್ಲಿ ಬಾಣಗಳು ಈ ಶೆಡ್ಡನ್ನು ಬದಿಗೆ ಬಿಟ್ಟು, ಅರ್ಧ ಕೂಲಿಯ ಇನ್ನೊಂದು ಊರಿಗೆ ಹೋಗಿದ್ದವು. ಆ ಊರಿನ ಹುಡುಗಿ ಈಗ ಪಕ್ಕದಲ್ಲಿ ಕೂತು ಕಲಿಯುತ್ತಿದ್ದಳು. ಸಂಜೆಯೊಳಗೆ ಅವಳ ಕೈ ಕುದುರಿದರೆ ಇಲ್ಲಿಯ ನಲವತ್ತು ಹೆಂಗಸರು ಮನೆಗೆ. ಕುದುರದಿದ್ದರೆ ಕೆಲಸ ಸದ್ಯಕ್ಕೆ ಇಲ್ಲೇ, ಹುಡುಗಿ ಮನೆಗೆ.

ಹುಡುಗಿ ಮೊಣಕೈ ಇಟ್ಟ ಬಗೆಯನ್ನೂ ಬಿಡದೆ ನಕಲು ಮಾಡುತ್ತಿದ್ದಳು. ಆದರೂ ಮೂರರಲ್ಲಿ ಎರಡು ಬೆಸುಗೆ ಕಿತ್ತು ಬರುತ್ತಿದ್ದವು.

"ಏನೋ ಮುಚ್ಚಿಡ್ತಿದೀಯ ನೀನು," ಸೂಪರ್‌ವೈಸರ್ ಕಲಿಸುವವಳತ್ತ ತಿರುಗಿದ.

"ಎಲ್ಲಿ ಮುಚ್ಚಿಡ್ಲಿ ಸಾರ್? ಕದೀತೀವಿ ಅಂತ ಈ ಅಂಗಿಗೆ ಜೇಬೇ ಇಡ್ಸಿಲ್ವಲ್ಲ ನೀವು."

ಹಿಂದಿನ ಸಾಲಿನಲ್ಲಿ ಯಾರೋ ನಗು ಬರದಂತೆ ಕೆಮ್ಮಿದರು. ಅವನ ಸಿಟ್ಟು ಹುಡುಗಿಯ ಮೇಲೆ ತಿರುಗಿತು.

"ನೀನು, ಕತ್ತೆ, ಸಂಜೆ ಬಸ್ಸಿಗೆ ಗಂಟು ಕಟ್ಟು."

"ಇಬ್ರು ತಂಗೀರಿದಾರೆ ಸಾರ್."

"ನಾನು ಹುಟ್ಸಿದ್ನಾ?"

ಊಟದ ಗಂಟೆ ಹೊಡೆಯಿತು. ಕ್ಯಾಂಟೀನಿನ ಬಾಗಿಲಲ್ಲಿ ಅವಳ ಇಪ್ಪತ್ತೆರಡು ವರ್ಷದ ಕಾರ್ಡಿಗೆ ಕೆಂಪು ದೀಪ ಹತ್ತಿತು.

"ಊಟದ ಪಟ್ಟಿಯಿಂದ ನಿನ್ ಹೆಸ್ರು ನಿನ್ನೆನೇ ತೆಗ್ಸಿದೀನಿ," ಹಿಂದಿನಿಂದ ಅವನೇ ಹೇಳಿದ. "ಕಲ್ಸು, ಆಮೇಲೆ ಉಣ್ಣು."

ಅವಳು ಬೆಂಚಿಗೆ ಮರಳಿದಳು. ಹುಡುಗಿ ಊಟಕ್ಕೆ ಎದ್ದಿರಲಿಲ್ಲ. ಉಸಿರು ಬಿಗಿಹಿಡಿದು ತಂತಿಗೆ ಕಡ್ಡಿ ಮುಟ್ಟಿಸುತ್ತಿದ್ದಳು. ಹೊಗೆ ಎದ್ದಿತು, ಅಪ್ಪನ ಅಂಗಿಯ ಸಿಹಿ ಹೊಗೆ.

ಎತ್ತು. ಈಗ ಎತ್ತು.

ಮಾತು ನಾಲಿಗೆಯ ತುದಿಗೆ ಬಂತು. ಕ್ಯಾಂಟೀನಿನಿಂದ ಉಳಿದ ಮೂವತ್ತೊಂಬತ್ತು ಹೆಂಗಸರ ಗಲಗಲ ಕೇಳಿಸುತ್ತಿತ್ತು. ಅವಳು ಬಾಯಿ ಬಿಡಲಿಲ್ಲ. ಘಾಟು ಮೂಗಿಗೆ ಅಡರಿತು, ಬೆಸುಗೆ ಕಪ್ಪಾಯಿತು.

ಹುಡುಗಿ ಅದನ್ನು ಕೆಟ್ಟವುಗಳ ತಟ್ಟೆಗೆ ಹಾಕಿದಳು. ಕಾಲ ಬಳಿಯ ಚೀಲದಿಂದ ಡಬ್ಬಿ ತೆಗೆದು, ಮುಚ್ಚಳಕ್ಕೆ ಅರ್ಧ ಊಟ ಬಗ್ಗಿಸಿದಳು. ಇದ್ದ ಒಂದೇ ಚಮಚವನ್ನು ಅದರ ಮೇಲಿಟ್ಟು, ಕ್ಯಾಮರಾದ ಕಣ್ಣು ತಪ್ಪಿಸಿ ಅವಳತ್ತ ಸರಿಸಿದಳು.