ರಸ್ತೆ ಬದಿಯ ಪೇಲವ ಪಟ್ಟಿ

ಅರ್ಧ ಯೂರಿಯಾ ಹಾಕಿ ಕನೋಲಾ ಎಣ್ಣೆಕಾಳು ಬಿತ್ತಿದ್ದ ರಸ್ತೆ ಬದಿಯ ಪಟ್ಟಿ ಒಂದೇ ವಾರದಲ್ಲಿ ಮಿಕ್ಕ ಹೊಲದಷ್ಟೇ ಕಡುಹಸಿರಾಗಿಬಿಟ್ಟಿತ್ತು. ನನಗೆ ಸಂತೋಷವಾಗಲಿಲ್ಲ, ಅನುಮಾನವಾಯಿತು.

ನಮ್ಮ ಸಸ್ಕಾಚೆವಾನ್ ಪ್ರಾಂತ್ಯದಲ್ಲಿ ಹೊಲಕ್ಕೆ ಎಷ್ಟು ಸಾರಜನಕ ಬೇಕೆಂದು ಹೇಳುವವನೂ ಅದನ್ನು ಮಾರುವವನೂ ಒಬ್ಬನೇ. ನಮ್ಮ ಪಾಲಿಗೆ ಅವನು ಗೊಬ್ಬರದಂಗಡಿಯ ಕರ್ಟ್ ವೀಬ್. ಅವನು ಹೇಳಿದ್ದರ ಅರ್ಧವೇ ಸಾಕು, ಎಲೆ ಪೇಲವವಾದರೂ ಕಾಳು ಕಡಿಮೆಯಾಗದು ಎಂಬುದು ನನ್ನ ವಾದ. ಕಟಾವಿನಲ್ಲಿ ಪಟ್ಟಿಯ ಕಾಳನ್ನು ಬೇರೆ ತೂಗಿ ರೈತಸಭೆಯ ಮುಂದಿಡುತ್ತೇನೆಂದು ಮಾತು ಕೊಟ್ಟಿದ್ದೆ.

ಬಗ್ಗಿ ನೋಡಿದೆ. ಎಲೆಗಳ ಸಂದಿಯಲ್ಲಿ ಬಿಳಿ ಹರಳು, ಸುತ್ತ ಸುಟ್ಟ ಚುಕ್ಕೆ. ನಮ್ಮ ಗೊಬ್ಬರ ಬೀಜದೊಂದಿಗೇ ಮಣ್ಣಿನೊಳಗೆ ಇಳಿಯುತ್ತದೆ. ಇದನ್ನು ಯಾರೋ ಮೇಲಿಂದ ಎರಚಿದ್ದರು.

ಕರ್ಟ್‌ನನ್ನು ಕರೆಸಿದೆ.

"ನಿಮ್ಮ ಗೊಬ್ಬರ ಎರಚೋ ಯಂತ್ರ ಇಲ್ಲಿಗೆ ಬಂದಿತ್ತಾ?"

"ಅಲ್ಲಮ್ಮಾ ದರ್ಕಾ, ನಮ್ಮಂಗಡಿ ಬೆಕ್ಕು ಸೀನಿದ್ರೂ ನಿನಗೆ ಅನುಮಾನ! ನಮ್ಮ ಯಂತ್ರದ ಚಕ್ರ ನಿನ್ನೆತ್ತರ ಇದೆ. ಇದ್ಯಾವ್ದೋ ಪುಟ್ಟ ಗಾಡಿ ಜಾಡು ನೋಡು. ನಾಲ್ಕು ಚಕ್ರದ ಬೈಕು ನಿಮ್ಮನೇಲಿ ಯಾರು ಓಡಿಸ್ತಾರೆ?"

ನಗುತ್ತಲೇ ಹೊರಟುಹೋದ.

ಅಡುಗೆಮನೆಯಲ್ಲಿ ಅಪ್ಪ ನೆಸ್ಟರ್ ಆಲೂಗಡ್ಡೆ ತುಂಬಿದ ಪಿರೊಹಿ ಕಡುಬು ತಿನ್ನುತ್ತಿದ್ದ.

"ಪಟ್ಟಿಗೆ ಯೂರಿಯಾ ಎರಚಿದ್ದು ನೀನಾ ಅಪ್ಪಾ?"

ಅವನು ತಟ್ಟೆಯನ್ನು ಪಕ್ಕಕ್ಕೆ ಸರಿಸಿದ.

"ಕಾಫಿ ಕುಡಿಯೋಕೆ ಹೋದ್ರೆ ದಿನಾ ಕಿಚಾಯಿಸ್ತಾರೆ ಕಣೆ. 'ಏನೋ ನೆಸ್ಟರ್, ನಿನ್ನ ಹೊಲಕ್ಕೆ ಕಾಮಾಲೆನಾ?' ಅಂತಾರೆ. ಇಷ್ಟು ವರ್ಷ ನನ್ನ ಹೊಲದ ಕಡೆ ಬೆರಳು ತೋರಿಸಿದೋರಿಲ್ಲ."

"ಕಾಳು ತೂಗೋವರೆಗೆ ತಡ್ಕೋಬಾರ್ದಿತ್ತಾ?"

"ನೀನು ತೂಗೋದು ಒಂದು ದಿನ. ಅವ್ರು ನೋಡೋದು ದಿನಾ."

ಎಂಥ ದಡ್ಡಿ ನಾನು! ಕಳ್ಳ ಬೇಲಿ ಹಾರಿ ಬರುತ್ತಾನೆಂದು ಹೊರಗೇ ಕಾಯುತ್ತಿದ್ದೆ. ಗೊಬ್ಬರದ ಕಂಪನಿ ನಮ್ಮ ಹೊಲಕ್ಕೆ ಕಾಲಿಡಬೇಕಾಗಿಯೇ ಇಲ್ಲ. ಕಡುಹಸಿರೇ ಮರ್ಯಾದೆ ಎಂದು ನಮ್ಮ ಕಣ್ಣಿಗೆ ಕಲಿಸಿಬಿಟ್ಟರೆ ಸಾಕು, ಮಿಕ್ಕಿದ್ದನ್ನು ನಾವೇ ಮಾಡಿ ಮುಗಿಸುತ್ತೇವೆ.

"ಈಗ ಸಭೇಲಿ ಏನಂತೀಯಾ?" ಅಪ್ಪ ತಲೆ ಎತ್ತದೆ ಕೇಳಿದ.

"ಪಟ್ಟಿ ಕೆಡ್ತು ಅಂತೀನಿ. ಕೆಡಿಸಿದ್ದು ಯಾರು, ಯಾಕೆ ಅಂತಾನೂ ಹೇಳ್ತೀನಿ. ಮುಂದಿನ ವರ್ಷ ಅರ್ಧ ಗೊಬ್ಬರದ ಪಟ್ಟಿ ಮತ್ತೆ ಅಲ್ಲೇ ಹಾಕ್ತೀನಿ."

"ಹೊಲದ ನಡುವೆ ಹಾಕೆ, ಯಾರಿಗೂ ಕಾಣ್ದಂಗೆ."

"ಇಲ್ಲ. ರಸ್ತೆ ಬದಿಗೇ. ಎಲ್ರೂ ನೋಡ್ಲಿ."

ಅಪ್ಪ ಎದ್ದು ತಟ್ಟೆಯನ್ನು ತೊಳೆಯಲು ಇಟ್ಟ. "ಆಯ್ತು ಮಾರಾಯ್ತಿ, ಮುಟ್ಟಲ್ಲ" ಎಂದ.

ನಾನು ನಂಬಲಿಲ್ಲ. ಬಾಗಿಲ ಪಕ್ಕದ ಮೊಳೆಯಿಂದ ಬೈಕಿನ ಕೀಲಿ ತೆಗೆದು ಜೇಬಿಗೆ ಹಾಕಿಕೊಂಡೆ.